ಕೆಂಪು ಕೊಡೆ ನೀಲಿಯಾದದ್ದು ಹೇಗೆ?

ನೀವು ಶಾಲೆಯಿಂದ ಕವಲೇದುರ್ಗಕ್ಕೆ ಪ್ರವಾಸ ಹೋಗಿದ್ದೀರಿ ಎಂದುಕೊಳ್ಳೋಣ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ ಈ ಬೆಟ್ಟದ ಕೋಟೆ ಕೆಳದಿ ಅರಸರ ಕಾಲದಲ್ಲಿ ಬಹಳ ಹೆಸರುವಾಸಿಯಾಗಿತ್ತು. ಭುವನಗಿರಿ ಎಂಬುದು ಇದರ ಇನ್ನೊಂದು ಹೆಸರು. ಗದ್ದೆಯ ಪಕ್ಕದಲ್ಲಿ ನಡೆದು, ಕಲ್ಲು ಹಾಸಿದ ದಾರಿ ಹತ್ತಿ, ಕೋಟೆಯ ಒಂದೊಂದೇ ಸುತ್ತನ್ನು ದಾಟಿ ಮೇಲೆ ಬಂದಿದ್ದೀರಿ. ಮಳೆಗಾಲ ಮುಗಿಯುತ್ತಾ ಬಂದಿದೆ. ಗೋಡೆಯ ಕರಿಗಲ್ಲುಗಳ ಮೇಲೆ ಹಸಿರು ಪಾಚಿ ಕಟ್ಟಿದೆ. ಕೊಳದ ದಂಡೆಯ ಕೆಂಪು ಮಣ್ಣಿನ ಮೇಲೆ ನಿಮ್ಮ ಗೆಳತಿ ಕೆಂಪು ಕೊಡೆ ಹಿಡಿದು ನಿಂತಿದ್ದಾಳೆ. ಮೇಷ್ಟ್ರು ಮೊಬೈಲಿನಲ್ಲಿ ಒಂದು ಫೋಟೊ ತೆಗೆದರು.

ಮರುದಿನ ಶಾಲೆಯ ಕಂಪ್ಯೂಟರಿನಲ್ಲಿ ಆ ಫೋಟೊ ನೋಡುತ್ತಾ ಗೆಳತಿ ಹೇಳುತ್ತಾಳೆ: "ಸಾರ್, ನನ್ನ ಕೊಡೆ ನೀಲಿ ಬಣ್ಣದ್ದಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!" ಮೇಷ್ಟ್ರು ಮೌಸ್ ಹಿಡಿದು ಏನೋ ಮಾಡುತ್ತಾರೆ. ಎರಡೇ ನಿಮಿಷದಲ್ಲಿ ಕೊಡೆ ನೀಲಿಯಾಗುತ್ತದೆ! ಕೊಡೆಯ ಮಡಿಕೆ, ಅಂಚಿನಲ್ಲಿ ತೂಗುತ್ತಿರುವ ನೀರಿನ ಹನಿ, ಒಳಗಿನ ನೆರಳು ಎಲ್ಲವೂ ಮೊದಲು ಇದ್ದ ಹಾಗೆಯೇ ಇವೆ. ಬಣ್ಣ ಮಾತ್ರ ಬೇರೆ. ಮನೆಯ ಮೊಳೆಗೆ ತೂಗುಹಾಕಿದ ನಿಜವಾದ ಕೊಡೆ ಇನ್ನೂ ಕೆಂಪಾಗಿಯೇ ಇದೆ.

ಹಾಗಾದರೆ ಕಂಪ್ಯೂಟರ್ ಬದಲಿಸಿದ್ದು ಏನನ್ನು?

ಫೋಟೊ ಎಂದರೆ ಸಂಖ್ಯೆಗಳ ಕೋಷ್ಟಕ

ಕಂಪ್ಯೂಟರಿಗೆ ಕೊಡೆಯೂ ಗೊತ್ತಿಲ್ಲ, ಕೋಟೆಯೂ ಗೊತ್ತಿಲ್ಲ. ಅದರ ಹತ್ತಿರ ಇರುವುದು ಸಂಖ್ಯೆಗಳು ಮಾತ್ರ. ಪರದೆಯ ಮೇಲಿನ ಫೋಟೊವನ್ನು ದೊಡ್ಡದು ಮಾಡುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಚಿತ್ರ ಮಾಯವಾಗಿ ಸಣ್ಣ ಸಣ್ಣ ಚೌಕಗಳು ಕಾಣುತ್ತವೆ. ಒಂದೊಂದು ಚೌಕಕ್ಕೂ ಒಂದೇ ಬಣ್ಣ. ಈ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ಅಡ್ಡಕ್ಕೆ 4000, ಉದ್ದಕ್ಕೆ 3000 ಪಿಕ್ಸೆಲ್‌ಗಳಿರುವ ಫೋಟೊದಲ್ಲಿ ಒಟ್ಟು ಎಷ್ಟು ಪಿಕ್ಸೆಲ್‌ಗಳು? ಗುಣಿಸಿ ನೋಡಿ: 1 ಕೋಟಿ 20 ಲಕ್ಷ.

ಪ್ರತಿ ಪಿಕ್ಸೆಲ್‌ನ ಬಣ್ಣವನ್ನು ಮೂರು ಸಂಖ್ಯೆಗಳಲ್ಲಿ ಬರೆದಿಡಲಾಗುತ್ತದೆ. ಮೊದಲನೆಯದು ಕೆಂಪು ಬೆಳಕು ಎಷ್ಟು, ಎರಡನೆಯದು ಹಸಿರು ಬೆಳಕು ಎಷ್ಟು, ಮೂರನೆಯದು ನೀಲಿ ಬೆಳಕು ಎಷ್ಟು ಎಂಬುದನ್ನು ಹೇಳುತ್ತದೆ. ಪ್ರತಿ ಸಂಖ್ಯೆಯೂ 0ಯಿಂದ 255ರವರೆಗೆ ಇರಬಹುದು. 0 ಎಂದರೆ ಆ ಬೆಳಕು ಇಲ್ಲವೇ ಇಲ್ಲ, 255 ಎಂದರೆ ಪೂರ್ತಿ ಇದೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳಿ. ಒಂದೊಂದಕ್ಕೂ 256 ಸಾಧ್ಯತೆ ಇರುವುದರಿಂದ 256 × 256 × 256, ಅಂದರೆ 1,67,77,216 ಬಣ್ಣಗಳನ್ನು ಹೀಗೆ ಬರೆಯಬಹುದು. ಅಂಗಡಿಯಲ್ಲಿ ಸಿಗುವ 12 ಬಣ್ಣಗಳ ಪೆಟ್ಟಿಗೆಯನ್ನು ಒಮ್ಮೆ ನೆನಪಿಸಿಕೊಳ್ಳಿ!

ಮೂರೇ ಬಣ್ಣ ಏಕೆ? ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆಯವು. ಈ ಮೂರನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೆರಳಿಸಿದರೆ ಸಾಕು, ಮಿದುಳಿಗೆ ಬೇರೆ ಬೇರೆ ಬಣ್ಣ ಕಂಡಂತಾಗುತ್ತದೆ. ಟಿ.ವಿ. ಅಥವಾ ಮೊಬೈಲಿನ ಪರದೆಯ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಕೆಂಪು, ಹಸಿರು, ನೀಲಿ ಚುಕ್ಕೆಗಳು ನಿಮಗೇ ಕಾಣಬಹುದು.

ಮೊಟ್ಟಮೊದಲ ಡಿಜಿಟಲ್ ಕ್ಯಾಮೆರಾಕ್ಕೆ ಈ ಬಣ್ಣಗಳ ಗೊಡವೆಯೇ ಇರಲಿಲ್ಲ. ಅಮೆರಿಕದ ಕೊಡಕ್ ಕಂಪನಿಯಲ್ಲಿ ಸ್ಟೀವನ್ ಸಾಸನ್ ಎಂಬ ಇಂಜಿನಿಯರ್ 1975ರಲ್ಲಿ ಅದನ್ನು ತಯಾರಿಸಿದರು. ಅದರ ಚಿತ್ರ ಕಪ್ಪು-ಬಿಳುಪಿನದು, ಒಟ್ಟು 10,000 ಪಿಕ್ಸೆಲ್ ಅಷ್ಟೆ. ಹಾಡು ಕೇಳುವ ಟೇಪಿನಂಥ ಕ್ಯಾಸೆಟ್ಟಿನಲ್ಲಿ ಒಂದು ಚಿತ್ರ ದಾಖಲಾಗಲು 23 ಸೆಕೆಂಡ್ ಬೇಕಾಗುತ್ತಿತ್ತು. ಅದೇ ಕಂಪನಿಯ ಬ್ರೈಸ್ ಬೇಯರ್ ಎಂಬ ವಿಜ್ಞಾನಿ ಕ್ಯಾಮೆರಾದ ಬೆಳಕು ಹಿಡಿಯುವ ಫಲಕದ ಮೇಲೆ ಕೆಂಪು, ಹಸಿರು, ನೀಲಿ ಸೋಸುಗಗಳನ್ನು ಚದುರಂಗದ ಮಣೆಯಂತೆ ಜೋಡಿಸುವ ಉಪಾಯ ಹೇಳಿದರು. ಇದಕ್ಕೆ 1976ರಲ್ಲಿ ಪೇಟೆಂಟ್ ದೊರೆಯಿತು. ಇಂದು ಬಹುತೇಕ ಮೊಬೈಲ್ ಕ್ಯಾಮೆರಾಗಳಲ್ಲಿರುವುದು ಇದೇ ಉಪಾಯ, ಇಲ್ಲವೇ ಇದರ ಮಾರ್ಪಾಡು. ಇದರಲ್ಲಿ ಒಂದು ಸೋಜಿಗವಿದೆ. ಒಂದು ಜಾಗದ ಮೇಲೆ ಒಂದೇ ಸೋಸುಗ ಇರುವುದರಿಂದ ಅಲ್ಲಿ ಕ್ಯಾಮೆರಾ ನಿಜವಾಗಿ ಅಳೆಯುವುದು ಮೂರರಲ್ಲಿ ಒಂದು ಸಂಖ್ಯೆಯನ್ನು ಮಾತ್ರ. ಉಳಿದೆರಡನ್ನು ಅಕ್ಕಪಕ್ಕದ ಜಾಗಗಳನ್ನು ನೋಡಿ ಲೆಕ್ಕ ಹಾಕುತ್ತದೆ. ಅಂದರೆ ಮೇಷ್ಟ್ರು ಮೌಸ್ ಮುಟ್ಟುವ ಮೊದಲೇ ಫೋಟೊದಲ್ಲಿ ಸಾಕಷ್ಟು ಲೆಕ್ಕಾಚಾರ ನಡೆದುಹೋಗಿರುತ್ತದೆ.

ಮೊದಲನೆಯವ ಕೊನೆಗೆ!

ಈಗ ಕೊಡೆಯ ಹತ್ತಿರ ಬರೋಣ. ಬಿಸಿಲು ಬಿದ್ದ ಕಡೆ ಕೊಡೆಯ ಒಂದು ಪಿಕ್ಸೆಲ್ 200, 40, 40 ಎಂದಿರಲಿ. ಕೆಂಪು ಹೆಚ್ಚು, ಹಸಿರು-ನೀಲಿ ಕಡಿಮೆ. ಮಡಿಕೆಯ ನೆರಳಿನಲ್ಲಿರುವ ಇನ್ನೊಂದು ಪಿಕ್ಸೆಲ್ 100, 20, 20 ಎಂದಿರಲಿ. ಇಲ್ಲಿ ಬೆಳಕು ಅರ್ಧಕ್ಕೆ ಇಳಿದಿದೆ. ಆದರೆ ಅನುಪಾತ ಗಮನಿಸಿ. ಅಲ್ಲಿಯೂ 5:1:1, ಇಲ್ಲಿಯೂ 5:1:1. ಆದ್ದರಿಂದಲೇ ನಿಮ್ಮ ಕಣ್ಣಿಗೆ ಎರಡೂ ಒಂದೇ ಬಟ್ಟೆಯ ಕೆಂಪಾಗಿ ಕಾಣುತ್ತವೆ, ಒಂದು ಬಿಸಿಲಿನಲ್ಲಿ, ಇನ್ನೊಂದು ನೆರಳಿನಲ್ಲಿ.

ಮಗುವೊಂದು ಬಣ್ಣ ತುಂಬುವ ಹಾಗೆ ಇಡೀ ಕೊಡೆಗೆ 40, 40, 200 ಎಂಬ ಒಂದೇ ನೀಲಿಯನ್ನು ಬಳಿದರೆ ಏನಾಗುತ್ತದೆ? ಮಡಿಕೆಗಳು ಅಳಿಸಿಹೋಗುತ್ತವೆ. ಕೊಡೆ ಕತ್ತರಿಸಿ ಅಂಟಿಸಿದ ನೀಲಿ ಕಾಗದದಂತೆ ಕಾಣುತ್ತದೆ. ಹಾಗೆ ಮಾಡುವ ಬದಲು ಒಂದು ಆಟ ಆಡೋಣ. ಸಾಲಾಗಿ ಮೂರು ಮಕ್ಕಳು ನಿಂತಿದ್ದಾರೆ. ನೀವು "ಮೊದಲನೆಯವ ಕೊನೆಗೆ!" ಎಂದು ಕೂಗಿದ ಕೂಡಲೇ ಮೊದಲನೆಯವನು ಓಡಿಹೋಗಿ ಕೊನೆಯಲ್ಲಿ ನಿಲ್ಲಬೇಕು, ಉಳಿದಿಬ್ಬರು ಒಂದೊಂದು ಹೆಜ್ಜೆ ಮುಂದೆ ಬರಬೇಕು. ಸಂಖ್ಯೆಗಳಿಗೂ ಹೀಗೆಯೇ ಮಾಡಿ.

200, 40, 40 ಎಂಬುದು 40, 40, 200 ಆಗುತ್ತದೆ: ಹೊಳೆಯುವ ನೀಲಿ.
100, 20, 20 ಎಂಬುದು 20, 20, 100 ಆಗುತ್ತದೆ: ನೆರಳಿನ ನೀಲಿ.

ನೋಡಿದಿರಾ? ಬಣ್ಣ ಬದಲಾಯಿತು, ಬೆಳಕು-ನೆರಳಿನ ಸಂಬಂಧ ಹಾಗೆಯೇ ಉಳಿಯಿತು. ಮಡಿಕೆಗಳು ಅಳಿಸಲಿಲ್ಲ. ಮೇಷ್ಟ್ರು ಮಾಡಿದ ಕೆಲಸದ ಗುಟ್ಟು ಇದೇ.

ಫೋಟೊ ತಿದ್ದುವ ತಂತ್ರಾಂಶಗಳು ಈ ಆಟವನ್ನು ಇನ್ನೂ ನವಿರಾಗಿ ಆಡುತ್ತವೆ. ಅವು ಎಲ್ಲ ಬಣ್ಣಗಳನ್ನು ಗಡಿಯಾರದ ಮುಖದಂಥ ಒಂದು ಚಕ್ರದ ಸುತ್ತ ಇಡುತ್ತವೆ. 0 ಡಿಗ್ರಿಯಲ್ಲಿ ಕೆಂಪು, 60ರಲ್ಲಿ ಹಳದಿ, 120ರಲ್ಲಿ ಹಸಿರು, 240ರಲ್ಲಿ ನೀಲಿ, ಮತ್ತೆ 360ಕ್ಕೆ ಬಂದರೆ ಕೆಂಪು. ಈ ಚಕ್ರದಲ್ಲಿನ ಸ್ಥಾನಕ್ಕೆ ತಂತ್ರಾಂಶದಲ್ಲಿ 'ಹ್ಯೂ' ಎಂದು ಹೆಸರು. ಬಣ್ಣ ಎಷ್ಟು ಗಾಢ ಎನ್ನುವುದಕ್ಕೆ 'ಸ್ಯಾಚುರೇಶನ್' ಎನ್ನುತ್ತಾರೆ. ಬೆಳಕು ಎಷ್ಟು ಎನ್ನುವುದಕ್ಕೆ ಇನ್ನೊಂದು ಅಳತೆ ಇದೆ. ಹ್ಯೂ ಎಂಬ ಗುಂಡಿಯನ್ನು ಎಳೆದರೆ ಚಕ್ರ ತಿರುಗುತ್ತದೆ, ಉಳಿದೆರಡು ಅಳತೆಗಳು ಇದ್ದಲ್ಲೇ ಇರುತ್ತವೆ. ನಾವು ಆಡಿದ ಆಟ ಚಕ್ರವನ್ನು ಸರಿಯಾಗಿ 240 ಡಿಗ್ರಿ ತಿರುಗಿಸಿದ್ದಕ್ಕೆ ಸಮ. ಕೊಡೆ ಕಿತ್ತಳೆಯಾಗಬೇಕೆಂದರೆ 30 ಡಿಗ್ರಿ ತಿರುಗಿಸಿದರೆ ಸಾಕು.

ಇಂಥ ತಂತ್ರಾಂಶಗಳಲ್ಲಿ 1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೊಶಾಪ್ ಹೆಚ್ಚು ಪ್ರಸಿದ್ಧ. ಅದಕ್ಕೆ ಹಣ ಕೊಡಬೇಕು. ಗಿಂಪ್ ಎಂಬ ಇನ್ನೊಂದು ತಂತ್ರಾಂಶವನ್ನು ಅಮೆರಿಕದ ಬರ್ಕ್‌ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಬರೆದು 1996ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟರು. ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಅದು ಇದೆಯೇ ಎಂದು ಮೇಷ್ಟ್ರನ್ನು ಕೇಳಿ ನೋಡಿ. ಇಲ್ಲದಿದ್ದರೂ ಚಿಂತೆಯಿಲ್ಲ, ಈ ಲೇಖನದ ಕೊನೆಗೆ ಕಂಪ್ಯೂಟರ್ ಇಲ್ಲದೆಯೇ ಮಾಡಬಹುದಾದ ಕೆಲಸವೊಂದಿದೆ.

ಪಾಚಿ ಗುಲಾಬಿಯಾದರೆ?

ಅವಸರದಲ್ಲಿ ಇಡೀ ಫೋಟೊಕ್ಕೆ "ಮೊದಲನೆಯವ ಕೊನೆಗೆ" ಎಂದು ಹೇಳಿಬಿಟ್ಟರೆ ಫಜೀತಿಯಾಗುತ್ತದೆ. ಕೋಟೆಯ ಗೋಡೆಯ ಪಾಚಿ 90, 120, 60 ಎಂದಿರಲಿ. ಅದು 120, 60, 90 ಆಗಿ ಗುಲಾಬಿ ಛಾಯೆಗೆ ತಿರುಗುತ್ತದೆ. ದಂಡೆಯ ಕೆಂಪು ಮಣ್ಣು 160, 82, 45 ಎಂದಿದ್ದರೆ 82, 45, 160 ಆಗಿ ನೇರಳೆಯಾಗುತ್ತದೆ. ಗುಲಾಬಿ ಪಾಚಿಯ ಕವಲೇದುರ್ಗವನ್ನು ಯಾರು ನಂಬುತ್ತಾರೆ?

ಆದ್ದರಿಂದ ಬಣ್ಣ ಬದಲಿಸುವ ಮೊದಲು "ಇಷ್ಟು ಪಿಕ್ಸೆಲ್‌ಗಳನ್ನು ಮಾತ್ರ ಮುಟ್ಟು" ಎಂದು ಕಂಪ್ಯೂಟರಿಗೆ ಹೇಳಬೇಕು. ಇದಕ್ಕೆ ಆಯ್ಕೆ ಮಾಡುವುದು ಎನ್ನುತ್ತಾರೆ. ನಿಜವಾದ ಶ್ರಮ ಇರುವುದು ಇಲ್ಲಿಯೇ. ಗಿಂಪ್‌ನಲ್ಲಿ ಇದಕ್ಕೆ ಹಲವು ಸಲಕರಣೆಗಳಿವೆ. ಒಂದು, ಮೌಸಿನಿಂದ ಕೊಡೆಯ ಅಂಚಿನ ಸುತ್ತ ಗೆರೆ ಎಳೆಯುವುದು, ಹಗ್ಗದ ಕುಣಿಕೆ ಹಾಕಿದ ಹಾಗೆ. ಇನ್ನೊಂದು, ಕೊಡೆಯ ಮೇಲೆ ಒಂದು ಕಡೆ ಒತ್ತಿದರೆ ಅದಕ್ಕೆ ಹೊಂದಿಕೊಂಡಿರುವ, ಅದೇ ಬಗೆಯ ಬಣ್ಣದ ಪಿಕ್ಸೆಲ್‌ಗಳನ್ನೆಲ್ಲ ತಾನೇ ಹುಡುಕಿಕೊಳ್ಳುವ ಸಲಕರಣೆ. ಇದಕ್ಕೆ ಮಂತ್ರದಂಡದ ಚಿತ್ರವೇ ಗುರುತು.

ಮಂತ್ರದಂಡಕ್ಕೂ ಮೋಸವಾಗುತ್ತದೆ. ಕೆಂಪು ಮಣ್ಣಿನ ಸ್ಥಾನ ಬಣ್ಣದ ಚಕ್ರದಲ್ಲಿ ಸುಮಾರು 19 ಡಿಗ್ರಿ, ಕೊಡೆಯದು 0. ಇಬ್ಬರೂ ನೆರೆಮನೆಯವರು. ಫೋಟೊದಲ್ಲಿ ಕೊಡೆಯ ಅಂಚು ಮಣ್ಣಿಗೆ ತಾಗಿದಂತೆ ಕಾಣುತ್ತಿದ್ದರೆ, ಸ್ವಲ್ಪ ಸಡಿಲ ಬಿಟ್ಟರೂ ಸಾಕು, ಮಣ್ಣೂ ಕೊಡೆಯ ಜೊತೆ ಸೇರಿಕೊಳ್ಳುತ್ತದೆ. ಬಿಗಿ ಮಾಡಿದರೆ ಕೊಡೆಯ ನೆರಳಿನ ಭಾಗ ಹೊರಗುಳಿಯುತ್ತದೆ. ಅಂಚಿನ ಪಿಕ್ಸೆಲ್‌ಗಳು ಇನ್ನೂ ತೊಂದರೆಯವು, ಏಕೆಂದರೆ ಅವುಗಳಲ್ಲಿ ಅರ್ಧ ಕೊಡೆ, ಅರ್ಧ ಆಕಾಶ ಬೆರೆತಿರುತ್ತದೆ. ಅವನ್ನು ಬಿಟ್ಟರೆ ನೀಲಿ ಕೊಡೆಗೆ ತೆಳುವಾದ ಕೆಂಪು ಅಂಚು ಉಳಿದುಬಿಡುತ್ತದೆ. ತಿದ್ದಿದ ಫೋಟೊ ಎಂದು ಅನುಮಾನ ಬಂದರೆ ಮೊದಲು ಅಂಚನ್ನು ನೋಡಿ.

ಎರಡನೆಯದಾಗಿ ನೀರನ್ನು ನೋಡಿ. ಗೆಳತಿ ನಿಂತದ್ದು ಕೊಳದ ದಂಡೆಯ ಮೇಲೆ ಅಲ್ಲವೇ? ಮೇಷ್ಟ್ರು ಮೇಲಿನ ಕೊಡೆಯನ್ನು ಮಾತ್ರ ಆಯ್ಕೆ ಮಾಡಿದ್ದರು. ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತಿದ್ದ ಕೊಡೆ ಕೆಂಪಾಗಿಯೇ ಉಳಿದಿದೆ! ಅವಳ ಬಿಳಿ ಅಂಗಿಯ ಭುಜದ ಮೇಲೂ ಕೊಡೆಯಿಂದ ಸೋಸಿ ಬಂದ ತಿಳಿಗೆಂಪು ಬೆಳಕು ಇದೆ. ಒಂದು ವಸ್ತುವಿನ ಬಣ್ಣ ಆ ವಸ್ತುವಿನಲ್ಲಿ ಮಾತ್ರ ಇರುವುದಿಲ್ಲ, ಸುತ್ತಲಿನ ವಸ್ತುಗಳ ಮೇಲೂ ಬಿದ್ದಿರುತ್ತದೆ. ಇವನ್ನೆಲ್ಲ ಹುಡುಕಿ ಹುಡುಕಿ ಬದಲಿಸಲು ಎರಡು ನಿಮಿಷ ಸಾಲದು. ಈಗ "ಕೊಡೆಯನ್ನು ನೀಲಿ ಮಾಡು" ಎಂದು ಬರೆದರೆ ತಾನೇ ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ. ಅವು ಲೆಕ್ಕವಿಲ್ಲದಷ್ಟು ಫೋಟೊಗಳಿಂದ ಕಲಿತಿರುವುದರಿಂದ ನೀರಿನೊಳಗಿನ ಕೊಡೆಯನ್ನೂ ಎಷ್ಟೋ ಸಲ ಸರಿಯಾಗಿ ಬದಲಿಸುತ್ತವೆ. ಕೆಲವೊಮ್ಮೆ ಅವೂ ಎಡವುತ್ತವೆ.

ಹಟಮಾರಿ ಕಲ್ಲು

ಕವಲೇದುರ್ಗದ ಕಲ್ಲಿನ ಗೋಡೆಯ ಬಣ್ಣವನ್ನು ಇದೇ ಆಟದಿಂದ ಬದಲಿಸಬಹುದೇ? ಪಾಚಿ ಇಲ್ಲದ ಕಡೆ ಬೂದುಗಪ್ಪು ಕಲ್ಲು 70, 70, 70 ಎಂದಿರಲಿ. "ಮೊದಲನೆಯವ ಕೊನೆಗೆ!" ಎಂದಿರಿ. ಏನಾಯಿತು? 70, 70, 70. ಇನ್ನೊಮ್ಮೆ ಹೇಳಿ. ಆಗಲೂ 70, 70, 70! ಮೂವರು ಮಕ್ಕಳೂ ಒಂದೇ ತರಹ ಇದ್ದರೆ ಜಾಗ ಬದಲಿಸಿದ್ದು ಯಾರಿಗೆ ಗೊತ್ತಾಗುತ್ತದೆ? ಬಿಳಿ ಅಂಗಿಯ ಕಥೆಯೂ ಇಷ್ಟೇ. ಕಪ್ಪು, ಬೂದು, ಬಿಳಿ ಇವು ಬಣ್ಣದ ಚಕ್ರದಲ್ಲಿ ಎಲ್ಲಿಯೂ ಇಲ್ಲ. ಇವುಗಳಿಗೆ ಬಣ್ಣ ಬೇಕಾದರೆ ಹೊರಗಿನಿಂದ ತಂದು ಸೇರಿಸಬೇಕು.

ಈಗ ಒಂದು ಇಡೀ ಚಿತ್ರವೇ ಹೀಗಿದ್ದರೆ? ಹಳೆಯ ಕಪ್ಪು-ಬಿಳುಪು ಫೋಟೊ, ಹಳೆಯ ಕಪ್ಪು-ಬಿಳುಪು ಸಿನಿಮಾ ಎಂದರೆ ಅದೇ ತಾನೆ!

ಡಾ. ರಾಜ್‌ಕುಮಾರ್ ಅಭಿನಯದ 'ಸತ್ಯ ಹರಿಶ್ಚಂದ್ರ' ಚಿತ್ರದ ಹೆಸರನ್ನು ನೀವು ಕೇಳಿರಬಹುದು. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ಈ ಕಪ್ಪು-ಬಿಳುಪು ಚಿತ್ರ 1965ರಲ್ಲಿ ತೆರೆಕಂಡಿತು. 43 ವರ್ಷಗಳ ನಂತರ, 2008ರಲ್ಲಿ, ಅದು ಮತ್ತೆ ಚಿತ್ರಮಂದಿರಗಳಿಗೆ ಬಂದಾಗ ಬಣ್ಣದ ಚಿತ್ರವಾಗಿತ್ತು. ಕಂಪ್ಯೂಟರಿನ ನೆರವಿನಿಂದ ಹೀಗೆ ಬಣ್ಣ ಪಡೆದ ದಕ್ಷಿಣ ಭಾರತದ ಮೊದಲ ಚಿತ್ರ ಅದು. ಅದಕ್ಕೂ ಮೊದಲು ಹಿಂದಿಯ 'ಮೊಘಲ್-ಎ-ಆಜಂ' 2004ರಲ್ಲಿ ಪೂರ್ತಿ ಬಣ್ಣದಲ್ಲಿ ಬಂದಿತ್ತು. 1971ರ ಕನ್ನಡ ಚಿತ್ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ಬಿಡುಗಡೆಯಾಯಿತು.

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಕಣ್ಣ ಮುಂದೆ ಹಾದುಹೋಗುತ್ತವೆ. ಮೂರು ಗಂಟೆಯ ಸಿನಿಮಾ ಎಂದರೆ 2,59,200 ಚಿತ್ರಗಳು. ನಮಗೆ ಒಂದು ಕೊಡೆಯ ಅಂಚನ್ನು ಗುರುತಿಸುವುದೇ ಕಷ್ಟವಾಯಿತು. ಅಲ್ಲಿ ಪ್ರತಿ ಚಿತ್ರದಲ್ಲಿಯೂ ಕಿರೀಟ ಬೇರೆ, ಮುಖ ಬೇರೆ, ಶಾಲು ಬೇರೆ, ಹಿಂದಿನ ಗೋಡೆ ಬೇರೆ ಎಂದು ಗುರುತಿಸಬೇಕು, ನಟ ಕೈ ಎತ್ತಿದರೆ ಶಾಲಿನ ಬಣ್ಣವೂ ಅದರ ಜೊತೆಯೇ ಸರಿಯಬೇಕು. ಒಂದು ಚಿತ್ರದ ಆಯ್ಕೆಯನ್ನು ಮುಂದಿನ ಚಿತ್ರಗಳಿಗೆ ಸಾಗಿಸಲು ತಂತ್ರಾಂಶ ನೆರವಾಗುತ್ತದೆ ನಿಜ, ಆದರೂ ಕಣ್ಣಿಟ್ಟು ತಿದ್ದುವವರು ಬೇಕೇ ಬೇಕು.

ಶ್ರಮಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಆ ಶಾಲು ನಿಜವಾಗಿ ಯಾವ ಬಣ್ಣದ್ದಾಗಿತ್ತು? ಕಪ್ಪು-ಬಿಳುಪು ಚಿತ್ರ ಇದನ್ನು ಹೇಳುವುದಿಲ್ಲ. ಏಕೆಂದು ಒಂದು ಲೆಕ್ಕ ಮಾಡಿ ನೋಡೋಣ. ಬಣ್ಣದ ಫೋಟೊವನ್ನು ಬೂದು ಮಾಡಲು ಕಂಪ್ಯೂಟರ್ ಬಳಸುವ ಒಂದು ಸೂತ್ರ ಹೀಗಿದೆ: ಕೆಂಪಿನ ನೂರಕ್ಕೆ 30, ಹಸಿರಿನ ನೂರಕ್ಕೆ 59, ನೀಲಿಯ ನೂರಕ್ಕೆ 11 ಭಾಗ ತೆಗೆದುಕೊಂಡು ಕೂಡಿಸಬೇಕು. ಹಸಿರಿಗೆ ಹೆಚ್ಚು ಪಾಲು ಏಕೆಂದರೆ ನಮ್ಮ ಕಣ್ಣಿಗೆ ಹಸಿರು ಬೆಳಕು ಹೆಚ್ಚು ಪ್ರಕಾಶವಾಗಿ ಕಾಣುತ್ತದೆ. ನಮ್ಮ ಕೆಂಪು ಕೊಡೆ 200, 40, 40. ಅದರ ಬೂದು 60 + 23.6 + 4.4, ಅಂದರೆ 88. ಈಗ 40, 122, 40 ಎಂಬ ಹಸಿರು ಕೊಡೆಯನ್ನು ತೆಗೆದುಕೊಳ್ಳಿ. 12 + 71.98 + 4.4, ಅಂದರೆ ಇದೂ ಹೆಚ್ಚುಕಡಿಮೆ 88! ಕೆಂಪು ಕೊಡೆಯೂ ಹಸಿರು ಕೊಡೆಯೂ ಒಂದೇ ಬೂದು ಬಣ್ಣದ ಕೊಡೆಗಳಾಗಿಬಿಟ್ಟವು. ಬರೀ 88 ಎಂಬ ಸಂಖ್ಯೆ ಕೊಟ್ಟು "ಮೊದಲು ಯಾವ ಬಣ್ಣವಿತ್ತು?" ಎಂದು ಕೇಳಿದರೆ ಎಂಥ ಕಂಪ್ಯೂಟರ್ ಆದರೂ ಊಹಿಸಬೇಕೇ ಹೊರತು ಹೇಳಲಾರದು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಲೆಕ್ಕ ಸ್ವಲ್ಪ ಬೇರೆ ಇರಬಹುದು, ಆಗುವ ನಷ್ಟ ಮಾತ್ರ ಇದೇ.

ಸುಳ್ಳನ್ನೇ ಆಡದ ರಾಜನ ಕಥೆಗೆ ಊಹೆಯ ಬಣ್ಣವೇ ಎಂದು ನೀವು ನಗಬಹುದು. ಅದರಲ್ಲಿ ಮೋಸವೇನೂ ಇಲ್ಲ ಎಂದು ನನಗನ್ನಿಸುತ್ತದೆ. ಬಣ್ಣ ಹಾಕಿದ್ದೇವೆ ಎಂದು ಎಲ್ಲರಿಗೂ ತಿಳಿಸಿಯೇ ತೋರಿಸಿದರು. 1965ರ ಕಪ್ಪು-ಬಿಳುಪು ಚಿತ್ರವೂ ಬೇಕಾದವರಿಗೆ ನೋಡಲು ಇದೆ.

ಅಡಿಕೆ ಎಲೆ ಮತ್ತು ಬಿಳಿ ಕಾಗದ

ಬಣ್ಣ ಬದಲಾದರೆ ನಷ್ಟವಾಗುವ ಸಂದರ್ಭಗಳೂ ಇವೆ. ಕವಲೇದುರ್ಗದ ಸುತ್ತಮುತ್ತ, ತೀರ್ಥಹಳ್ಳಿ, ಹೊಸನಗರ, ಸಾಗರಗಳಲ್ಲಿ ಅಡಿಕೆ ತೋಟಗಳು ಹೆಚ್ಚು. 2022ರ ಸುಮಾರಿಗೆ ಮಲೆನಾಡಿನ ತೋಟಗಳಲ್ಲಿ ಎಲೆಚುಕ್ಕಿ ರೋಗ ಜೋರಾಗಿ ಹರಡಿತು. ಶಿಲೀಂಧ್ರದಿಂದ ಬರುವ ಈ ರೋಗದಲ್ಲಿ ಸೋಗೆಯ ಮೇಲೆ ಕಂದು ಚುಕ್ಕೆಗಳು ಮೂಡುತ್ತವೆ. ಚುಕ್ಕೆಯ ಸುತ್ತ ಹಳದಿ ಉಂಗುರವಿರುತ್ತದೆ. ಮನೆಯ ಮೊಬೈಲಿನಲ್ಲಿ ಅದರ ಫೋಟೊ ತೆಗೆದು, ದೂರದಲ್ಲಿರುವ ತಜ್ಞರಿಗೆ ಕಳಿಸಿ ಸಲಹೆ ಕೇಳುವುದು ಈಗ ಸುಲಭ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆಗೆಂದೇ ಒಂದು ವಿಶ್ವವಿದ್ಯಾಲಯವಿದೆ. ಅದಕ್ಕೆ ಇಟ್ಟಿರುವ ಹೆಸರು ಕೆಳದಿಯ ಅರಸ ಶಿವಪ್ಪ ನಾಯಕನದು.

ಅಂಥ ಫೋಟೊದಲ್ಲಿ ಹಳದಿ ಉಂಗುರವೇ ಮುಖ್ಯ ಸುಳಿವು. ಆದರೆ ಫೋಟೊ ಚೆಂದ ಕಾಣಲಿ ಎಂದು ಎಲೆಗಳ ಹಸಿರನ್ನು ತಾನಾಗಿಯೇ ಹೆಚ್ಚಿಸುವ ಮೊಬೈಲ್‌ಗಳಿವೆ. ಹಳದಿಯನ್ನು ಹಸಿರಿನತ್ತ ಸ್ವಲ್ಪ ತಿರುಗಿಸಿದರೂ ಉಂಗುರ ಮಸುಕಾಗುತ್ತದೆ. ಫೋಟೊ ಚೆನ್ನಾಗಿದೆ, ತೋಟ ಚೆನ್ನಾಗಿಲ್ಲ! ಹಾಗಾಗಿ ರೋಗದ ಎಲೆಯ ಫೋಟೊ ಕಳಿಸುವಾಗ ಅಪ್ಪಯ್ಯನಿಗೋ ಅಮ್ಮನಿಗೋ ಹೇಳಿ: ಯಾವ ಅಲಂಕಾರವೂ ಬೇಡ, ಎಲೆಯ ಪಕ್ಕದಲ್ಲಿ ಒಂದು ಬಿಳಿ ಕಾಗದ ಇಡೋಣ.

ಬಿಳಿ ಕಾಗದ ಏತಕ್ಕೆ? ಬಿಳಿಯಲ್ಲಿ ಮೂರೂ ಸಂಖ್ಯೆಗಳು ಸಮವಾಗಿರಬೇಕು. ಸಂಜೆಯ ಬಿಸಿಲಿನಲ್ಲಿ ತೆಗೆದ ಫೋಟೊದಲ್ಲಿ ಕಾಗದ 250, 235, 200 ಎಂದು ಬಂದಿದ್ದರೆ ಇಡೀ ಫೋಟೊಕ್ಕೆ ಹಳದಿ ಬೆಳಕು ಸೇರಿದೆ ಎಂದು ಗೊತ್ತಾಗುತ್ತದೆ. ಕಾಗದದ ಮೂರು ಸಂಖ್ಯೆಗಳು ಸಮವಾಗುವಂತೆ ಎಲ್ಲ ಪಿಕ್ಸೆಲ್‌ಗಳನ್ನೂ ಸರಿಪಡಿಸಿದರೆ ಎಲೆಯ ನಿಜವಾದ ಬಣ್ಣಕ್ಕೆ ಹತ್ತಿರ ಬರಬಹುದು. ನೋಡಿ, ಇಲ್ಲಿಯೂ ನಾವು ಬಣ್ಣ ಬದಲಿಸುತ್ತಿದ್ದೇವೆ, ಆದರೆ ನಿಜಕ್ಕೆ ಹತ್ತಿರವಾಗಲು.

ಇನ್ನೊಂದು ಮಾತು ಹೇಳಲೇಬೇಕು. ಫೋಟೊ ಸ್ಟುಡಿಯೋಗಳಲ್ಲಿ ಕೇಳದೆಯೇ ಮಕ್ಕಳ ಮುಖವನ್ನು ಬೆಳ್ಳಗೆ ಮಾಡಿಕೊಡುವ ರೂಢಿ ಕೆಲವು ಕಡೆ ಇದೆ. ಈಗ ಮೊಬೈಲ್‌ಗಳೂ ಅದನ್ನು ಕಲಿತಿವೆ. ನನಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ. ಫೋಟೊದಲ್ಲಿರುವ ಮುಖ ಅವನದಲ್ಲದೆ ಇನ್ಯಾರದೋ ಆಗಿರುತ್ತದೆ. ಬಣ್ಣದ ಚಕ್ರದಲ್ಲಿ ನೋಡಿದರೆ ಸೋಜಿಗವೊಂದು ಕಾಣುತ್ತದೆ. ಕಪ್ಪಗಿರುವವರಿರಲಿ, ಬೆಳ್ಳಗಿರುವವರಿರಲಿ, ಮನುಷ್ಯರ ಮೈಬಣ್ಣಗಳೆಲ್ಲ ಚಕ್ರದ ಒಂದೇ ಚಿಕ್ಕ ಭಾಗದಲ್ಲಿ, ಕೆಂಪು ಮತ್ತು ಹಳದಿಯ ನಡುವೆ, ನಮ್ಮ ಕೆಂಪು ಮಣ್ಣಿನ ಅಕ್ಕಪಕ್ಕದಲ್ಲೇ ಇರುತ್ತವೆ. ದೊಡ್ಡ ವ್ಯತ್ಯಾಸವಿರುವುದು ಎಷ್ಟು ಬೆಳಕು ಹಿಂದಿರುಗುತ್ತದೆ ಎಂಬುದರಲ್ಲಿ. ಚರ್ಮದಲ್ಲಿ ಮೆಲನಿನ್ ಎಂಬ ವಸ್ತು ಹೆಚ್ಚಿದ್ದರೆ ಹಿಂದಿರುಗುವ ಬೆಳಕು ಕಡಿಮೆ, ಅಷ್ಟೆ. ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣಗಳಿಂದ ನಮ್ಮನ್ನು ಕಾಪಾಡುತ್ತದೆ.

ಮಾಡಿ ನೋಡಿ

ಚೌಕಳಿ ಪುಸ್ತಕದಿಂದ ಒಂದು ಹಾಳೆ ತೆಗೆದುಕೊಳ್ಳಿ. ಅದರಲ್ಲಿ ಹತ್ತು ಚೌಕ ಉದ್ದ, ಹತ್ತು ಚೌಕ ಅಗಲದ ಜಾಗ ಗುರುತು ಮಾಡಿ. ಸಾಸನ್ನರ ಕ್ಯಾಮೆರಾದ ಚಿತ್ರದ ನೂರನೇ ಒಂದು ಭಾಗ ಇದು! ಪ್ರತಿ ಚೌಕದಲ್ಲಿ ಒಂದು ಅಕ್ಷರ ಬರೆದು ಕೊಡೆಯ ಚಿತ್ರ ಮಾಡಿ. ಬಿಸಿಲಿನ ಕೊಡೆಗೆ 'ಅ', ನೆರಳಿನ ಕೊಡೆಗೆ 'ಆ', ಮಣ್ಣಿಗೆ 'ಇ', ಪಾಚಿಗೆ 'ಈ', ಕಲ್ಲಿಗೆ 'ಉ', ಆಕಾಶಕ್ಕೆ 'ಊ'. ಇವುಗಳ ಸಂಖ್ಯೆಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಮೊದಲ ಐದು ಈ ಲೇಖನದಲ್ಲೇ ಇವೆ, ಆಕಾಶಕ್ಕೆ 150, 190, 230 ಇರಲಿ. ಸಂಖ್ಯೆಗಳಿಗೆ ಹೊಂದುವ ಕ್ರೆಯಾನ್ ಅಥವಾ ಬಣ್ಣದ ಪೆನ್ಸಿಲಿನಿಂದ ಚೌಕಗಳನ್ನು ತುಂಬಿ.

ಇನ್ನೊಂದು ಹಾಳೆಯಲ್ಲಿ ಅದೇ ಚಿತ್ರವನ್ನು ಮಾಡಿ, 'ಅ' ಮತ್ತು 'ಆ' ಚೌಕಗಳಿಗೆ ಮಾತ್ರ "ಮೊದಲನೆಯವ ಕೊನೆಗೆ" ಎಂದು ಹೇಳಿ ಬಣ್ಣ ತುಂಬಿ. ಮೂರನೆಯ ಹಾಳೆಯಲ್ಲಿ ಎಲ್ಲ ಚೌಕಗಳಿಗೂ ಹೇಳಿ ನೋಡಿ. ಆಕಾಶ ಯಾವ ಬಣ್ಣವಾಯಿತು? ಬದಲಾಗದೆ ಉಳಿದ ಅಕ್ಷರ ಯಾವುದು? ನಾಲ್ಕನೆಯ ಹಾಳೆಯಲ್ಲಿ 30, 59, 11ರ ಸೂತ್ರದಿಂದ ಪ್ರತಿ ಅಕ್ಷರದ ಬೂದು ಸಂಖ್ಯೆ ಕಂಡುಹಿಡಿದು, ಸೀಸದ ಕಡ್ಡಿಯಿಂದ ತುಂಬಿ. ಸಂಖ್ಯೆ ಚಿಕ್ಕದಾದಷ್ಟೂ ಕಪ್ಪು ಹೆಚ್ಚು.

ಕೊನೆಗೆ ನಿಮ್ಮ ಗೆಳೆಯನಿಗೆ ಮೂರನೆಯ ಮತ್ತು ನಾಲ್ಕನೆಯ ಹಾಳೆಗಳ ಸಂಖ್ಯೆಗಳನ್ನು ಮಾತ್ರ ಕೊಟ್ಟು, ಮೊದಲ ಹಾಳೆಯ ಸಂಖ್ಯೆಗಳನ್ನು ಕಂಡುಹಿಡಿ ಎನ್ನಿ. ಮೂರನೆಯ ಹಾಳೆಗೆ ಇನ್ನೂ ಎಷ್ಟು ಸಲ "ಮೊದಲನೆಯವ ಕೊನೆಗೆ" ಎಂದರೆ ಕೊಡೆ ಮತ್ತೆ ಕೆಂಪಾಗುತ್ತದೆ? ನಾಲ್ಕನೆಯ ಹಾಳೆಯೊಂದೇ ಇದ್ದಿದ್ದರೆ ಅವನು ಏನು ಮಾಡುತ್ತಿದ್ದ?